ಕಲ್ಯಾಣದ ಸೀಮೆ: ಬಸವಕಲ್ಯಾಣ, ಹುಮನಾಬಾದ್, ಮಂಠಾಳದ ಇತಿಹಾಸ, ಬದುಕು, ಊಟ

ಕರ್ನಾಟಕದ ಉತ್ತರದ ತುದಿಯ ಬೀದರ್ ಜಿಲ್ಲೆಯಲ್ಲಿ, ಮಹಾರಾಷ್ಟ್ರದ ಉಮರ್ಗಾ ಮತ್ತು ನಿಲಂಗಾ ಕಡೆಯ ಹೊಲಗಳೊಡನೆ ಬದು ಹಂಚಿಕೊಂಡಿರುವ ನಾಡು ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆ. ಬಸವಕಲ್ಯಾಣ ತಾಲ್ಲೂಕಿನ ಹಳೆಯ ಹೋಬಳಿಗಳು ಬಸವಕಲ್ಯಾಣ, ಹುಲಸೂರ, ಮಂಠಾಳ, ಕೊಹಿನೂರ, ಮುಡಬಿ ಮತ್ತು ರಾಜೇಶ್ವರ. ಇತ್ತೀಚಿನ ವರ್ಷಗಳಲ್ಲಿ ಹುಲಸೂರ ಪ್ರತ್ಯೇಕ ತಾಲ್ಲೂಕಾಯಿತು. ಹುಮನಾಬಾದಿನಿಂದ ಚಿಟಗುಪ್ಪ ಬೇರೆಯಾಯಿತು. ಕಂದಾಯದ ಗಡಿಗಳು ಹೀಗೆ ಕದಲಿದರೂ ಜನರ ಸಂತೆ, ಜಾತ್ರೆ, ಬೀಗತನಗಳ ಗಡಿ ಹಳೆಯದೇ ಉಳಿದಿದೆ. ಪ್ರವಾಸಿಗೆ ಇದನ್ನು ಒಂದೇ ಸೀಮೆಯೆಂದು ನೋಡುವುದು ಲೇಸು.

ಹೊರಗಿನಿಂದ ಬರುವವರು ಹೆಚ್ಚಾಗಿ ಬಸವಕಲ್ಯಾಣದ ಕೋಟೆಯನ್ನೂ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯನ್ನೂ ನೋಡಿ ಅರ್ಧ ದಿನದಲ್ಲಿ ಬೀದರಿನತ್ತ ಹೊರಟುಬಿಡುತ್ತಾರೆ. ಒಂದೂವರೆ ಶತಮಾನ ದಖ್ಖನದ ರಾಜಧಾನಿಯಾಗಿದ್ದ ಊರಲ್ಲಿ ಹಂಪಿಯಂಥ ಬೀದಿಗಳನ್ನೋ ಪಟ್ಟದಕಲ್ಲಿನಂಥ ಗುಡಿಸಾಲನ್ನೋ ಹುಡುಕಿದವರಿಗೆ ನಿರಾಸೆಯಾಗುವುದು ಸಹಜ. ಕಲ್ಯಾಣವೆಂಬುದು ಬಸವಕಲ್ಯಾಣದ ಹಳೆಯ ಹೆಸರು; ಆ ಕಲ್ಯಾಣದ ಸಂಪತ್ತಿನ ಬಹುಪಾಲು ಈಗ ಕಲ್ಯಾಣದಲ್ಲಿಲ್ಲ. ಇಲ್ಲಿಯ ದ್ವಾರಪಾಲಕನ ವಿಗ್ರಹ ತಂಜಾವೂರಿನಲ್ಲಿದೆ. ಇಲ್ಲಿ ಬರೆದ ಧರ್ಮಶಾಸ್ತ್ರ ದೇಶದ ನ್ಯಾಯಾಲಯಗಳಿಗೆ ಹೋಯಿತು, ವಚನಗಳು ಶರಣರ ಬೆನ್ನಿಗೆ ಉಳವಿಯವರೆಗೂ ನಡೆದವು, ನವಾಬರ ಬಿರಿಯಾನಿ ಹೈದರಾಬಾದಿನ ಓಣಿಗಳನ್ನು ಸೇರಿತು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟಾಗ ಊರಿನ ಹೆಸರೂ ಇಡೀ ವಿಭಾಗದ ಪಾಲಾಯಿತು. ಕೊಟ್ಟು ಕಳಿಸಿದ್ದು ಇಷ್ಟು. ಊರಲ್ಲಿ ಉಳಿದದ್ದು ಗವಿಗಳು, ಕೆರೆಗಳು, ಹೊಲದ ನಡುವಿನ ಗುಡಿಗಳು, ಗದ್ದುಗೆಗಳು, ರೊಟ್ಟಿ, ದಾಸೋಹ. ಇವನ್ನು ನೋಡಲು ಸಮಯ ಬೇಕು.

ನೆಲ ದಖ್ಖನಿನ ಪ್ರಸ್ಥಭೂಮಿಯದು, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಕೆಲವೆಡೆ ಜಂಬಿಟ್ಟಿಗೆಯ ಕೆಂಪು ದಿಬ್ಬಗಳು, ಉಳಿದಂತೆ ಎರೆಮಣ್ಣಿನ ಹೊಲಗಳು. ಮೇಲ್ನೋಟಕ್ಕೆ ಬಯಲಾಗಿ ಕಾಣುವ ಈ ನೆಲ ಎರಡು ದೊಡ್ಡ ನದಿಗಳ ನೀರನ್ನು ಬೇರ್ಪಡಿಸುವ ದಿಬ್ಬವೂ ಹೌದು. ಕಾರಂಜದ ಕಡೆ ಹರಿದ ಮಳೆ ಮಾಂಜ್ರಾ ಸೇರಿ ಗೋದಾವರಿಯಾಗುತ್ತದೆ. ಮುಲ್ಲಾಮಾರಿಯ ಕಡೆ ಇಳಿದದ್ದು ಕಾಗಿಣಾ, ಭೀಮಾ ದಾಟಿ ಕೃಷ್ಣೆಯಾಗುತ್ತದೆ. ಹೆಸರು, ಉದ್ದು, ತೊಗರಿ, ಸೋಯಾ ಮುಂಗಾರಿನ ಬೆಳೆಗಳು. ಬಿಳಿಜೋಳ ಮತ್ತು ಕಡಲೆ ಹಿಂಗಾರಿಯವು. ನೀರು ಸಿಕ್ಕ ಕಡೆ ಕಬ್ಬು.

ಕಲ್ಯಾಣ ದೊಡ್ಡ ಊರಾದದ್ದು 11ನೆಯ ಶತಮಾನದಲ್ಲಿ. 973ರಲ್ಲಿ ಎರಡನೆಯ ತೈಲಪ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಹೂಡಿದಾಗ ರಾಜಧಾನಿ ಮಾನ್ಯಖೇಟವೇ ಆಗಿತ್ತು, ಅಂದರೆ ಇಂದಿನ ಮಳಖೇಡ. ಅಲ್ಲಿಂದ ಕಲ್ಯಾಣಕ್ಕೆ ಸಿಂಹಾಸನ ತಂದವನು ಒಂದನೆಯ ಸೋಮೇಶ್ವರ. ಅವನ ಕಾಲ 1042ರಿಂದ 1068. ಚೋಳರ ಜೊತೆ ಹೋರಾಟ ಬಿಡುವಿಲ್ಲದೆ ನಡೆದ ಕಾಲವದು. ರಾಜಾಧಿರಾಜ ಚೋಳ ಕಲ್ಯಾಣವನ್ನು ಸುಟ್ಟು, ಗೆಲುವಿನ ಗುರುತಾಗಿ ಒಂದು ದ್ವಾರಪಾಲಕ ವಿಗ್ರಹವನ್ನು ಕಿತ್ತುಕೊಂಡು ಹೋದ. ಕಲ್ಯಾಣಪುರವನ್ನು ಸುಟ್ಟು ತಂದದ್ದೆಂದು ಅದರ ಪೀಠದ ಮೇಲೆ ತಮಿಳಿನಲ್ಲಿ ಕೊರೆಸಿದ. ಬಹುಕಾಲ ದಾರಾಸುರದಲ್ಲಿದ್ದ ಆ ವಿಗ್ರಹ ಈಗ ತಂಜಾವೂರಿನ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಯಾಣದ ಶಿಲ್ಪಿಗಳ ಕೈ ಎಂಥದೆಂದು ತಿಳಿಯಬಯಸುವವರು ಅದನ್ನು ನೋಡಬೇಕು. ರಾಜಾಧಿರಾಜ ಮುಂದೆ 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಚಾಲುಕ್ಯರ ಕೈಯಲ್ಲಿ ಆನೆಯ ಮೇಲೆಯೇ ಮಡಿದ. ವಾಸಿಯಾಗದ ಕಾಯಿಲೆಗೆ ತುತ್ತಾದ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಜಲಸಮಾಧಿಯಾದ.

ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಐವತ್ತು ವರ್ಷ ಆಳಿದ. ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮಶಕೆಯನ್ನು ಆರಂಭಿಸಿದ. ಕಾಶ್ಮೀರದಿಂದ ಹೊರಟ ಬಿಲ್ಹಣ ಆಶ್ರಯ ಹುಡುಕುತ್ತ ಬಂದು ನೆಲೆನಿಂತದ್ದು ಈ ಆಸ್ಥಾನದಲ್ಲಿ. ಅವನ ವಿಕ್ರಮಾಂಕದೇವಚರಿತ ಈ ಅರಸನ ಕಥೆ. ವಿಜ್ಞಾನೇಶ್ವರ ಇಲ್ಲಿಯೇ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ, ಗ್ರಂಥದ ಕೊನೆಯಲ್ಲಿ ಕಲ್ಯಾಣಕ್ಕೆ ಸಮನಾದ ನಗರವಿಲ್ಲವೆಂದು ಹೊಗಳಿದ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಅದರ ತತ್ತ್ವವನ್ನು ಬಂಗಾಳ ಮತ್ತು ಅಸ್ಸಾಂ ಬಿಟ್ಟು ಬಹುತೇಕ ಇಡೀ ಭಾರತದ ಹಿಂದೂ ಕುಟುಂಬಗಳು ಶತಮಾನಗಟ್ಟಲೆ ಪಾಲಿಸಿದವು. 1810ರಲ್ಲಿ ಕೋಲ್‌ಬ್ರೂಕ್ ಅದರ ಉತ್ತರಾಧಿಕಾರದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಅದನ್ನೇ ನೆಚ್ಚಿದವು. ಇಂದಿಗೂ ಪಿತ್ರಾರ್ಜಿತ ಆಸ್ತಿಯ ದಾವೆಗಳಲ್ಲಿ ಮಿತಾಕ್ಷರದ ಹೆಸರು ಕೇಳುತ್ತದೆ. ಆ ಗ್ರಂಥ ಹುಟ್ಟಿದ ಊರಿನಲ್ಲಿ ಅದನ್ನು ನೆನಪಿಸುವ ದೊಡ್ಡ ಕುರುಹು ಇಲ್ಲದಿರುವುದು ಬೇಸರದ ಮಾತು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸ್ವತಃ ಗ್ರಂಥಕಾರ. 1129ರ ಸುಮಾರಿಗೆ ರೂಪುಗೊಂಡ ಅವನ ಮಾನಸೋಲ್ಲಾಸದಲ್ಲಿ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು, ಭೋಗ, ವಿನೋದ, ಕ್ರೀಡೆ ಎಂದು ಅರಸನ ಬದುಕನ್ನೆಲ್ಲ ಅದು ವಿಂಗಡಿಸಿ ಹೇಳುತ್ತದೆ. ಕುದುರೆ, ಆನೆ, ರತ್ನ, ಔಷಧಿ, ಸಂಗೀತ, ಗಾಳದ ಮೀನು ಎಲ್ಲವೂ ಅದರಲ್ಲಿವೆ. ಅನ್ನಭೋಗವೆಂಬ ಭಾಗ ಊಟದ ಇತಿಹಾಸ ಬರೆಯುವವರೆಲ್ಲ ಮೊದಲು ತೆರೆಯುವ ಪುಟ. ಇಡ್ಡರಿಕಾ, ಧೋಸಕ, ವಟಿಕಾ, ಪೋಲಿಕಾ, ಮಂಡಕ ಎಂಬ ಹೆಸರುಗಳಲ್ಲಿ ನಮ್ಮ ಇಡ್ಲಿ, ದೋಸೆ, ವಡೆ, ಹೋಳಿಗೆ, ಮಂಡಿಗೆಗಳ ಹಿರಿಯರು ಅಲ್ಲಿ ಸಿಗುತ್ತಾರೆ. ಆ ಇಡ್ಡರಿಕೆಗೆ ಅಕ್ಕಿಯ ಸೋಂಕಿಲ್ಲ. ಉದ್ದಿನ ನುಣುಪಾದ ಹಿಟ್ಟಿನ ಸಣ್ಣ ಉಂಡೆಗಳು, ಮೇಲೆ ಮೆಣಸು, ಜೀರಿಗೆ, ಇಂಗು. ಮಾಂಸದ ಅಡುಗೆಗಳೂ ಧಾರಾಳವಾಗಿವೆ, ಹೊಲದ ಇಲಿಯನ್ನು ಸುಟ್ಟು ಬೇಯಿಸುವ ಕ್ರಮವೂ ಇದೆ. ಅರಸನೊಬ್ಬ ತನ್ನ ಅಡುಗೆಮನೆಯನ್ನು ಸಂಕೋಚವಿಲ್ಲದೆ ಶಾಸ್ತ್ರದ ಪಂಕ್ತಿಗೆ ಕೂರಿಸಿದ್ದು ದೊಡ್ಡ ಮಾತು. ಇದೇ ನೆಲದಲ್ಲಿ ಒಂದೇ ತಲೆಮಾರಿನ ನಂತರ ಊಟದ ಬಗ್ಗೆ ಬೇರೊಂದು ವಿಚಾರ ಎದ್ದಿತು.

1157ರ ವೇಳೆಗೆ ಕಲಚುರಿ ಬಿಜ್ಜಳ ಚಾಲುಕ್ಯರಿಂದ ಕಲ್ಯಾಣವನ್ನು ಕಿತ್ತುಕೊಂಡ. ಅವನ ಭಂಡಾರದ ಹೊಣೆ ಹೊತ್ತಿದ್ದವರು ಬಸವಣ್ಣನವರು. ಅಲ್ಲಮಪ್ರಭುಗಳು ಶೂನ್ಯಸಿಂಹಾಸನದ ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಮಡಿವಾಳ ಮಾಚಿದೇವರು, ನುಲಿಯ ಚಂದಯ್ಯನವರು, ಅಂಬಿಗರ ಚೌಡಯ್ಯನವರು, ಸಮಗಾರ ಹರಳಯ್ಯನವರು, ಅಕ್ಕ ನಾಗಮ್ಮನವರು, ಉಡುತಡಿಯಿಂದ ಬಂದ ಅಕ್ಕಮಹಾದೇವಿಯವರು, ಸೊಲ್ಲಾಪುರದ ಸಿದ್ಧರಾಮರು ಕೂಡಿದರು. ಅನುಭವ ಮಂಟಪ ಒಂದು ಕಟ್ಟಡವೋ ಶರಣರ ಗೋಷ್ಠಿಯ ಹೆಸರೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಯಾವುದಾದರೂ ಅದರ ಮಹತ್ತ್ವ ತಗ್ಗುವುದಿಲ್ಲ. ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ದೇವರ ಬಗ್ಗೆ ತಮ್ಮ ಮಾತಿನಲ್ಲಿ, ತಮ್ಮ ಹೆಸರಿನಲ್ಲಿ ನುಡಿದದ್ದು ಇಲ್ಲಿ. ದುಡಿಮೆ ಕಾಯಕವಾಯಿತು, ದುಡಿದದ್ದನ್ನು ಹಂಚಿ ಉಣ್ಣುವುದು ದಾಸೋಹವಾಯಿತು. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದಾಗ ಬಿಜ್ಜಳ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸುವ ಶಿಕ್ಷೆ ಕೊಟ್ಟನೆಂದು ಶರಣ ಪರಂಪರೆ ನೆನೆಯುತ್ತದೆ. ಊರು ಹೊತ್ತಿ ಉರಿಯಿತು. 1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು, ಚನ್ನಬಸವಣ್ಣನವರ ಜೊತೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರು.

ಶರಣರ ಕಲ್ಯಾಣವನ್ನು ನೋಡಬೇಕೆಂದರೆ ವಾಹನ ಬಿಟ್ಟು ನಡೆಯಬೇಕು. ಊರ ನಡುವೆ ಬಸವೇಶ್ವರ ದೇವಸ್ಥಾನ. ಬಸವಣ್ಣನವರು ಕುಳಿತು ಜನರ ಅಹವಾಲು ಕೇಳುತ್ತಿದ್ದರೆಂದು ನಂಬುವ ಪರುಷಕಟ್ಟೆ. ಹೊರನಾಡಿನಿಂದ ಬಂದ ಶರಣರನ್ನು ಬರಮಾಡಿಕೊಳ್ಳುತ್ತಿದ್ದ ತಾಣವೆಂಬ ಪ್ರತೀತಿಯ ಬಂದವರ ಓಣಿ. ತ್ರಿಪುರಾಂತಕ ಕೆರೆಯ ಸುತ್ತಮುತ್ತ ಜಂಬಿಟ್ಟಿಗೆಯ ನೆಲದಲ್ಲಿ ಕೊರೆದ ಗವಿಗಳು: ಅಕ್ಕ ನಾಗಮ್ಮನವರದು, ನುಲಿಯ ಚಂದಯ್ಯನವರದು, ಹರಳಯ್ಯನವರದು. ಮಡಿವಾಳ ಮಾಚಿದೇವರ ಹೊಂಡ, ಪ್ರಭುದೇವರ ಗದ್ದುಗೆ, ಉರಿಲಿಂಗಪೆದ್ದಿಗಳ ಮಠ, ಕಂಬಳಿ ಮಠ, ಗಚ್ಚಿನ ಮಠ. ಇವುಗಳಲ್ಲಿ ಶಿಲ್ಪದ ಸೊಬಗು ಅರಸುವುದು ವ್ಯರ್ಥ. ಹರಳಯ್ಯನವರ ಗವಿಯೊಳಗೆ ಬಗ್ಗಿ ಇಳಿದು ನಿಂತಾಗ ಮನಸ್ಸಿಗಾಗುವುದು ಕೋಟೆಯ ಯಾವ ಬುರುಜಿನ ಮೇಲೂ ಆಗುವುದಿಲ್ಲ. ಬೇಸಿಗೆಯಲ್ಲೂ ಗವಿಗಳ ಒಳಗೆ ತಂಪು.

ಕೆರೆಯ ದಂಡೆಯ ಈಗಿನ ಅನುಭವ ಮಂಟಪದ ಹಿಂದೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ದುಡಿಮೆಯಿದೆ. 1889ರಲ್ಲಿ ಹುಟ್ಟಿ 1999ರಲ್ಲಿ ಲಿಂಗೈಕ್ಯರಾದ ಅವರನ್ನು ಈ ಸೀಮೆಯ ಜನ ಮೊದಲು ನೆನೆಯುವುದು ಶಾಲೆಯ ಕಾರಣಕ್ಕೆ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಶಿಕ್ಷಣದ ಭಾಷೆಯಾಗಿದ್ದಾಗ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಬಸವಣ್ಣನವರ ಕುಳಿತ ಭಂಗಿಯ ಬೃಹತ್ ಪ್ರತಿಮೆ ಬಸವ ಧರ್ಮಪೀಠದ್ದು. 2012ರ ಅಕ್ಟೋಬರಿನಲ್ಲಿ ಅನಾವರಣಗೊಂಡಿತು. ಸರಕಾರದ ನೂತನ ಅನುಭವ ಮಂಟಪಕ್ಕೆ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 2021ರ ಜನವರಿ 6ರಂದು ಅಡಿಗಲ್ಲು ಹಾಕಿದರು. ಆಗ ಅದರ ಅಂದಾಜು ವೆಚ್ಚ 500 ಕೋಟಿ ರೂಪಾಯಿ, ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯ ಸಮಿತಿ ಅದರ ರೂಪುರೇಷೆ ಕೊಟ್ಟಿತ್ತು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.

12ನೆಯ ಶತಮಾನ ಮುಗಿದ ಮೇಲೆ ಕಲ್ಯಾಣ ಮತ್ತೆ ರಾಜಧಾನಿಯಾಗಲಿಲ್ಲ. ದೇವಗಿರಿಯ ಯಾದವರು, ದೆಹಲಿಯ ಸುಲ್ತಾನರು, ಬಹಮನಿಗಳು, ಬೀದರಿನ ಬರೀದಶಾಹಿಗಳು, ವಿಜಯಪುರದ ಆದಿಲಶಾಹಿಗಳು ಒಬ್ಬರ ಹಿಂದೊಬ್ಬರು ಬಂದರು. 1657ರಲ್ಲಿ ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬ ಬೀದರನ್ನು ಹಿಡಿದು, ಅದೇ ವರ್ಷ ಮುತ್ತಿಗೆ ಹಾಕಿ, ಆಗ ಕಲ್ಯಾಣಿಯೆನಿಸಿಕೊಂಡಿದ್ದ ಈ ಊರನ್ನೂ ಗೆದ್ದ. ಆಮೇಲೆ ನಿಜಾಮರ ಕಾಲದಲ್ಲಿ ಊರು ಕಲ್ಯಾಣಿ ನವಾಬರ ಜಾಗೀರಾಯಿತು. ಈಗ ಕಾಣುವ ಕೋಟೆ ಈ ಎಲ್ಲರ ಕೈ ಹಾಯ್ದು ಬಂದದ್ದು. ಚಾಲುಕ್ಯರ ಕಾಲದ ಬುನಾದಿಯ ಮೇಲೆ ಬಹಮನಿಗಳು ಬಲಪಡಿಸಿದ ಗೋಡೆ, ಅದರ ಒಳಗೆ ನವಾಬರ ಅರಮನೆ. ಸುತ್ತಲಿನ ದಿಬ್ಬಗಳನ್ನೇ ಮರೆಯಾಗಿ ಬಳಸಿಕೊಂಡದ್ದರಿಂದ ದೂರದಿಂದ ಕೋಟೆ ಇದೆಯೆಂದೇ ತಿಳಿಯದು. ಇದು ಕಟ್ಟಿದವರ ಜಾಣ್ಮೆ. ಒಳಗಿನ ವಸ್ತುಸಂಗ್ರಹಾಲಯದ ಜೈನ ವಿಗ್ರಹಗಳನ್ನು ತಪ್ಪದೆ ನೋಡಬೇಕು, ಶರಣರಿಗಿಂತ ಮುಂಚಿನ ಕಲ್ಯಾಣ ಅಲ್ಲಿ ಉಳಿದಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಕಟ್ಟಿದ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಗ್ರಂಥ ಈ ಭಾಗದ ಕೋಟೆಗಳನ್ನು ನೋಡುವವರಿಗೆ ಇಂದಿಗೂ ಒಳ್ಳೆಯ ಜೊತೆಗಾರ. ಊರಿನ ರಾಜಾ ಬಾಗ್ ಸವಾರ್ ದರ್ಗಾಕ್ಕೆ ಮುಸ್ಲಿಮರಷ್ಟೇ ಹಿಂದೂಗಳೂ ಹರಕೆ ಹೊರುತ್ತಾರೆ.

ಮಂಠಾಳದ ಹೆಸರು ಈ ಚರಿತ್ರೆಯೊಳಗೆ ಬರುವುದು ಮಾಣಿಕಪ್ರಭುಗಳ ಮೂಲಕ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ದತ್ತಜಯಂತಿಯಂದು ಹುಟ್ಟಿದ ಅವರು ಸೋದರಮಾವನ ಮನೆಯಲ್ಲಿದ್ದು ಕಲ್ಯಾಣಿಯ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದರು; ಮಾವ ಗದರಿಸಿದಾಗ ಎಲ್ಲವನ್ನೂ ಬಿಟ್ಟು ಹೊರಟರು. ಅವರು ಹೊಕ್ಕದ್ದು ಮಂಠಾಳದ ಕಾಡು, ಕುಳಿತದ್ದು ಅಲ್ಲಿಯ ಗವಿ ಎಂದು ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ಕಾಡು ಈಗ ಹೊಲವಾಗಿದೆ. ಮಂಠಾಳ ಸಂತೆ, ಪೊಲೀಸ್ ಠಾಣೆ, ಶಾಲೆಗಳಿರುವ ಹೋಬಳಿ ಊರು. ಮುಂದೆ ಪ್ರಭುಗಳು ಹುಮನಾಬಾದಿನ ಬಳಿ ಹಳ್ಳಗಳ ಸಂಗಮದಲ್ಲಿ ನೆಲೆಸಿದರು, ಅದೇ ಮಾಣಿಕನಗರ. 1865ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಎಲ್ಲ ಮತಗಳೂ ಒಂದೇ ಸತ್ಯದ ದಾರಿಗಳೆಂಬುದು ಅವರ ಸಕಲಮತ ಸಂಪ್ರದಾಯ. ಲಿಂಗಾಯತರು ಅವರಲ್ಲಿ ಬಸವಣ್ಣನವರನ್ನು ಕಂಡರು, ಮುಸ್ಲಿಮರು ಮೆಹಬೂಬ್ ಸುಭಾನಿಯನ್ನು ಕಂಡರು, ದತ್ತಭಕ್ತರಿಗೆ ಅವರು ದತ್ತಾವತಾರ. ಮರಾಠಿ, ಕನ್ನಡ, ಹಿಂದುಸ್ತಾನಿ ಮೂರರಲ್ಲೂ ಪದ ಕಟ್ಟಿದರು. ಅವರ ಪರಂಪರೆಯ ಮಾರ್ತಾಂಡ ಪ್ರಭುಗಳೂ ಅದೇ ಹಾದಿ ಹಿಡಿದರು. ಡಿಸೆಂಬರಿನ ದತ್ತಜಯಂತಿಯ ದರ್ಬಾರಿನಲ್ಲಿ ಹಿಂದುಸ್ತಾನಿ ಸಂಗೀತಗಾರರು ಹಾಡುವುದು ಹಳೆಯ ರೂಢಿ. ಸಂಗೀತ ಪ್ರಿಯರು ಪ್ರವಾಸವನ್ನು ಆ ದಿನಗಳಿಗೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಹುಮನಾಬಾದ್ ಪಟ್ಟಣದ ದೇವರು ವೀರಭದ್ರೇಶ್ವರ. ಈಗಿನ ಗುಡಿ 18ನೆಯ ಶತಮಾನದ್ದು. ಜನವರಿಯಲ್ಲಿ ನಡೆಯುವ ಜಾತ್ರೆಗೆ ಕಲಬುರಗಿ, ಜಹೀರಾಬಾದ್, ಉಮರ್ಗಾ ಕಡೆಯಿಂದಲೂ ಜನ ಬರುತ್ತಾರೆ. ಅಗ್ನಿ ಹಾಯುವುದು, ಪುರವಂತರ ಒಡಪು, ತೇರು ನೋಡತಕ್ಕವು. ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ದೂರದ ಜಲಸಂಗಿ ಮಾತ್ರ ಈ ಸೀಮೆಯ ಶಿಲ್ಪದ ಮುಕುಟ. ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯರ ಸಾಲಿದೆ. ಅವರಲ್ಲೊಬ್ಬಳು ಬೆನ್ನು ತಿರುವಿ ನಿಂತು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ನಿಜವಾದ ಶಾಸನ: ಏಳು ದ್ವೀಪಗಳ ಭೂಮಿಯನ್ನು ವಿಕ್ರಮಾದಿತ್ಯ ತನ್ನದಾಗಿಸಿಕೊಳ್ಳುವನೆಂದು ಸಾರುವ ಸಂಸ್ಕೃತ ಪದ್ಯ. ಶಾಸನ ಸುಂದರಿ ಎಂದು ಅವಳಿಗೆ ಹೆಸರು. ಮದನಿಕೆಯರೆಂದರೆ ಬೇಲೂರೊಂದೇ ನೆನಪಾಗುವ ಕನ್ನಡಿಗರು ಅದಕ್ಕಿಂತ ಮುಂಚಿನ ಈ ಕೆಲಸವನ್ನು ನೋಡಬೇಕು. ಹೊಯ್ಸಳ ಶಿಲ್ಪಿಗಳಿಗೆ ದಾರಿ ತೋರಿದವರು ಚಾಲುಕ್ಯ ಶಿಲ್ಪಿಗಳು. ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರ, ಶಿವಪುರ, ಇನ್ನೂ ಆಚೆಯ ಉಮಾಪುರದಲ್ಲೂ ಚಾಲುಕ್ಯರ ಕಾಲದ ಗುಡಿಗಳಿವೆ. ನಾರಾಯಣಪುರದ ಗೋಡೆಯ ಶಿಲ್ಪಗಳು ಬಿಸಿಲಿಗೂ ಮಳೆಗೂ ಸವೆಯುತ್ತಿದ್ದರೂ ಬಾಗಿಲುವಾಡದ ಕೆತ್ತನೆ ಕಣ್ಣು ಹಿಡಿಯುತ್ತದೆ.

ಇತ್ತೀಚಿನ ಚರಿತ್ರೆಯಲ್ಲಿ ನೋವಿನ ಹೆಸರು ಗೋರ್ಟಾ. 1948ರ ಮೇ ತಿಂಗಳಲ್ಲಿ ನಿಜಾಮರ ಪರ ನಿಂತಿದ್ದ ಸಶಸ್ತ್ರ ಪಡೆಯಾದ ರಜಾಕಾರರು ಈ ಹಳ್ಳಿಗೆ ನುಗ್ಗಿ ಹತ್ಯಾಕಾಂಡ ನಡೆಸಿದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಆ ವರ್ಷದ ಸೆಪ್ಟೆಂಬರ್ 17ರ ಹೊತ್ತಿಗೆ. ಗೋರ್ಟಾದಲ್ಲಿ ಈಗ ಹುತಾತ್ಮರ ಸ್ಮಾರಕವಿದೆ. 1956ರಲ್ಲಿ ಬೀದರ್ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಬಂತು, ಕಲ್ಯಾಣಿ ಬಸವಕಲ್ಯಾಣವಾಯಿತು.

ಇಲ್ಲಿ ಒಂದೇ ಅಂಗಡಿಯ ಮುಂದೆ ನಿಂತರೆ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ. ತಾಂಡಾದವರು ಬಂದರೆ ಲಂಬಾಣಿಯೂ. ಒಬ್ಬನೇ ಮನುಷ್ಯ ತರಕಾರಿಯವಳ ಹತ್ತಿರ ಮರಾಠಿ, ಗ್ಯಾರೇಜಿನಲ್ಲಿ ಉರ್ದು, ಮನೆಯಲ್ಲಿ ಕನ್ನಡ ಆಡುತ್ತಾನೆ. ಈ ಕನ್ನಡದ ಲಯ ಬೇರೆ. ‘ಬರ್ಲತ್ತಾರ’, ‘ಮಾಡ್ಲತ್ತೀನಿ’ ಎಂಬ ರೂಪಗಳು ಬೆಂಗಳೂರಿನವರಿಗೆ ಮೊದಲಿಗೆ ತೊಡಕೆನಿಸಬಹುದು, ಒಂದು ಸಂಜೆ ಸಾಕು ರೂಢಿಯಾಗಲು. ಶರಣ ಪರಂಪರೆಯವರು ಕೈಮುಗಿದು ‘ಶರಣು ಶರಣಾರ್ಥಿ’ ಎನ್ನುತ್ತಾರೆ. ಗುರುತಿಲ್ಲದ ಹಿರಿಯರು ಕಾಕಾ, ಹೆಂಗಸರು ಅಕ್ಕ ಅಥವಾ ಮೌಸಿ. ಮೊಹರಂನಲ್ಲಿ ಹಳ್ಳಿಹಳ್ಳಿಗೂ ಅಲಾಯಿ ಕುಣಿ ತೋಡುತ್ತಾರೆ. ಅಲಾಯಿ ದೇವರನ್ನು ಹಿಡಿಯುವವರಲ್ಲೂ ಹೆಜ್ಜೆ ಹಾಕುವವರಲ್ಲೂ ಹಿಂದೂಗಳೇ ಹೆಚ್ಚಿರುವ ಊರುಗಳು ಎಷ್ಟೋ ಇವೆ. ರಾತ್ರಿಯ ಭಜನೆಗಳಲ್ಲಿ ಏಕತಾರಿ ಹಿಡಿದು ತತ್ತ್ವಪದ ಹಾಡುವವರು ಇನ್ನೂ ಸಿಗುತ್ತಾರೆ. ದುಡಿಮೆಯ ಹೊಸ ಮುಖವೂ ಉಂಟು: ಹೈದರಾಬಾದ್ ಮತ್ತು ಪುಣೆ ನಡುವಿನ ಹೆದ್ದಾರಿಯ ಪಕ್ಕದಲ್ಲಿ ಬೆಳೆದ ಬಸವಕಲ್ಯಾಣದ ಆಟೋನಗರಕ್ಕೆ ಲಾರಿಯ ಬಾಡಿ ಕಟ್ಟಿಸಲು ದೂರದೂರಿನ ಮಾಲೀಕರು ಬರುತ್ತಾರೆ.

ಇನ್ನು ಊಟ. ಅದರ ಬೆನ್ನೆಲುಬು ಬಿಳಿಜೋಳದ ರೊಟ್ಟಿ. ಮರಾಠಿ ಮಾತಾಡುವವರಿಗೆ ಭಾಕ್ರಿ. ಕುದಿನೀರಲ್ಲಿ ಹಿಟ್ಟು ನಾದಿ, ಅಂಗೈಯಿಂದ ಬಡಿದು ಅಗಲಿಸಿ, ಹೆಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಬಿಸಿ ರೊಟ್ಟಿ ಆ ಹೊತ್ತಿಗೆ, ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆಗೆ. ಜೊತೆಗೆ ಪುಂಡಿಪಲ್ಯ, ಎಣ್ಣೆಗಾಯಿ, ತೊಗರಿಬೇಳೆಯ ಖಾರಬ್ಯಾಳಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಪುಂಡಿಯ ಹುಳಿಗೆ ಒಂದು ಹಿಡಿ ಜೋಳದ ನುಚ್ಚು ಬಿದ್ದರೆ ರುಚಿ ನಿಲ್ಲುತ್ತದೆ. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅದರ ಮೇಲೆ ಬೆಣ್ಣೆ. ಮುಂಜಾನೆಯ ತಿಂಡಿ ಸುಸಲಾ: ನೆನೆಸಿ ಹಿಂಡಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಮಿರ್ಚಿ ಭಜಿ. ಮುಸ್ಲಿಮರ ಹೋಟೆಲುಗಳಲ್ಲಿ ಮುಂಜಾನೆ ಕಿಚಡಿ ಮತ್ತು ಹುಣಸೆಹುಳಿಯ ಖಟ್ಟಾ ಸಿಗುತ್ತದೆ. ಇದು ಹೈದರಾಬಾದಿನ ಮನೆಗಳ ತಿಂಡಿಯೂ ಹೌದು. ಮೊಹರಂಗೆ ಬೆಲ್ಲದ ಚೊಂಗೆ, ದರ್ಗಾಕ್ಕೆ ಮಾಲ್ದಿ.

ಹೈದರಾಬಾದಿನಲ್ಲಿ ‘ಕಲ್ಯಾಣಿ ಬಿರಿಯಾನಿ’ ಎಂಬ ಫಲಕ ಕಂಡವರು ಅದು ಈ ಊರಿನ ಹೆಸರೆಂದು ತಿಳಿದಿರಲಿ. ಅಲ್ಲಿ ದೇವಡಿ ಕಟ್ಟಿಕೊಂಡು ನೆಲೆಸಿದ ಕಲ್ಯಾಣಿ ನವಾಬರು ತಮ್ಮ ಜಾಗೀರಿನಿಂದ ಕೆಲಸಕ್ಕಾಗಿ ಬಂದವರಿಗೆಲ್ಲ ಈ ಬಿರಿಯಾನಿ ಬಡಿಸುತ್ತಿದ್ದರೆಂದು ಹೇಳಿಕೆ. ಎಮ್ಮೆ ಮಾಂಸದ ಸಣ್ಣ ತುಂಡುಗಳು, ಟೊಮೆಟೊ, ಜೀರಿಗೆ, ಕೊತ್ತಂಬರಿ, ಕೇಸರಿಯ ಆಡಂಬರವಿಲ್ಲ. ಬಡವರ ಬಿರಿಯಾನಿಯೆಂದೇ ಅದಕ್ಕೆ ಹೆಸರು ಬಿದ್ದಿದೆ. ಬಸವಣ್ಣನವರ ದಾಸೋಹವೂ ನವಾಬರ ಪಂಕ್ತಿಯೂ ಬೇರೆ ಬೇರೆ ಲೋಕಗಳವು; ಆದರೂ ಬಂದವರಿಗೆ ಅನ್ನ ಹಾಕಿದ್ದಕ್ಕೆ ಈ ಊರಿನ ಹೆಸರು ಎರಡು ಕಡೆ ಉಳಿದಿದೆ. ದಾಸೋಹ ಇಂದಿಗೂ ನಿಂತಿಲ್ಲ. ಬಸವಕಲ್ಯಾಣದ ಮಠಗಳಲ್ಲಿ, ಹಾರಕೂಡದ ಮಠದಲ್ಲಿ, ಮಾಣಿಕನಗರದಲ್ಲಿ ಉತ್ಸವದ ದಿನ ಪಂಕ್ತಿಗೆ ಕೂತವರನ್ನು ಯಾರೂ ಯಾವ ಊರು, ಯಾವ ಜನ ಎಂದು ಕೇಳುವುದಿಲ್ಲ. ಕುಟ್ಟಿದ ಗೋಧಿಯನ್ನು ಬೆಲ್ಲದೊಡನೆ ಗಂಟೆಗಟ್ಟಲೆ ಬೇಯಿಸಿದ ಹುಗ್ಗಿ, ಮೇಲೆ ತುಪ್ಪ, ಆಮೇಲೆ ಅನ್ನ, ಸಾರು. ಇಲ್ಲಿಯ ಹುಗ್ಗಿ ತಿನ್ನದೆ ಹೋದವರು ಇಲ್ಲಿಗೆ ಬಂದಂತಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವರ್ಷದ ದೊಡ್ಡ ಊಟ ನಡೆಯುವುದು ಮನೆಯಲ್ಲೂ ಅಲ್ಲ, ಮಠದಲ್ಲೂ ಅಲ್ಲ, ಹೊಲದಲ್ಲಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಯಂದು ಪಟ್ಟಣಗಳು ಖಾಲಿಯಾಗುತ್ತವೆ, ಅಂಗಡಿಗಳು ಮುಚ್ಚುತ್ತವೆ, ಕಚೇರಿಗಳಲ್ಲಿ ಕುರ್ಚಿಗಳಷ್ಟೇ ಇರುತ್ತವೆ. ಎಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಾರೆ. ಜೋಳದ ದಂಟಿನ ಗುಡಿಸಲಲ್ಲಿ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆದು ನಿಂತ ಜೋಳದ ಸುತ್ತ ಚರಗ ಚೆಲ್ಲುತ್ತಾರೆ. ಭೂತಾಯಿಗೆ ಸೀಮಂತ ಎಂಬ ಭಾವ. ಅಂದಿನ ಮುಖ್ಯ ಅಡುಗೆ ಭಜ್ಜಿ. ಇದು ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಮೆಂತ್ಯೆ, ಪಾಲಕ ಹೀಗೆ ಆ ವೇಳೆಗೆ ಹೊಲದಲ್ಲೂ ತೋಟದಲ್ಲೂ ಕೈಗೆ ಬಂದದ್ದನ್ನೆಲ್ಲ ಬೇಯಿಸಿ, ಹುಣಸೆರಸ, ಕಡಲೆಹಿಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯಲ್ಲಿ ಗಟ್ಟಿಗೊಳಿಸಿದ ಪಲ್ಯ. ಅದರೊಡನೆ ಸಜ್ಜೆ ರೊಟ್ಟಿ, ಜೋಳದ ಅನ್ನ, ಶೇಂಗಾ ಹೋಳಿಗೆ. ಮಣ್ಣಿನ ಗಡಿಗೆಯಲ್ಲಿ ಅಂಬಲಿ, ಹುಳಿಯಿಟ್ಟ ಜೋಳದ ಹಿಟ್ಟಿನದು, ಮಜ್ಜಿಗೆ, ಜೀರಿಗೆ, ಬೆಳ್ಳುಳ್ಳಿ ಬೆರೆತದ್ದು. ಗಡಿಯಾಚೆಯ ಲಾತೂರ, ಉಮರ್ಗಾ ಕಡೆ ಇದೇ ದಿನ ವೇಳ ಅಮಾವಾಸ್ಯೆ, ಅಲ್ಲಿಯೂ ಇದೇ ಭಜ್ಜಿ, ಇದೇ ಅಂಬಲಿ. ಮುಂದಿನ ವಾರಗಳಲ್ಲಿ ಜೋಳ ಹಾಲುಗಟ್ಟಿದಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿಯ ಕಾಲ. ಜೊತೆಗೆ ಶೇಂಗಾ ಹಿಂಡಿ ಇಲ್ಲವೇ ಬೆಲ್ಲ. ಈ ಭಜ್ಜಿಯೂ ಸೀತನಿಯೂ ಯಾವ ಹೋಟೆಲಿನಲ್ಲೂ ಸಿಗುವಂಥವಲ್ಲ.

ಬರಲು ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತ. ಅಕ್ಟೋಬರಿನಲ್ಲಿ ಕಲ್ಯಾಣ ಪರ್ವ, ನವೆಂಬರಿನಲ್ಲಿ ಶರಣ ಕಮ್ಮಟ ಮತ್ತು ಅನುಭವ ಮಂಟಪ ಉತ್ಸವ, ಡಿಸೆಂಬರಿನಲ್ಲಿ ದತ್ತಜಯಂತಿ, ಆಮೇಲೆ ಎಳ್ಳಮಾವಾಸ್ಯೆ, ಜನವರಿಯಲ್ಲಿ ವೀರಭದ್ರನ ತೇರು. ಬಸವ ಜಯಂತಿ ಮಾತ್ರ ಬಿಸಿಲ ದಿನಗಳಲ್ಲಿ ಬರುತ್ತದೆ. 2017ರ ಅಕ್ಟೋಬರ್ 29ರಂದು ಆರಂಭವಾದ ಬೀದರ್–ಕಲಬುರಗಿ ರೈಲುಮಾರ್ಗದಲ್ಲಿ ಹುಮನಾಬಾದ್ ನಿಲ್ದಾಣವಿದೆ. ಅಲ್ಲಿಂದ ಬಸವಕಲ್ಯಾಣ ಸುಮಾರು 30 ಕಿಲೋಮೀಟರ್. ಬಸ್ಸುಗಳು ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ತಿರುಗಿ ಊರು ಸೇರುತ್ತವೆ. ಒಂದು ದಿನ ಕೋಟೆ ಮತ್ತು ಶರಣರ ತಾಣಗಳಿಗೆ, ಇನ್ನೊಂದು ದಿನ ನಾರಾಯಣಪುರ, ಮಂಠಾಳ, ಮಾಣಿಕನಗರ, ಜಲಸಂಗಿಗೆ ಇಟ್ಟುಕೊಳ್ಳಿ. ಜಲಸಂಗಿಯ ಶಿಲಾಬಾಲಿಕೆಗೂ ನಾರಾಯಣಪುರದ ವಿಗ್ರಹಗಳಿಗೂ ಎಣ್ಣೆ, ಕುಂಕುಮ, ಸುಣ್ಣ ಬಳಿಯಬೇಡಿ, ಬಳಿಯುವವರನ್ನು ಕಂಡರೆ ವಿನಯದಿಂದ ತಡೆಯಿರಿ. ಈ ಗುಡಿಗಳಿಗೆ ನೋಡುಗರು ಹೆಚ್ಚಿದಷ್ಟೂ ಕಾವಲೂ ದುರಸ್ತಿಯೂ ಬೇಗ ಬರುತ್ತವೆ.